ಶೋಧಕ ಋಣವಾದರೆ ‘ಮೂಲಗಳಿಲ್ಲ’ ಎಂದು ಬರೆದು ಕೈಬಿಡಬೇಕೇ?

ಪಿಯು ಮೊದಲ ವರ್ಷ, ಯಾದಗಿರಿ

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯವರೆಗೆ ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ವಿಜ್ಞಾನ ತೆಗೆದುಕೊಂಡಿದ್ದೇನೆ, ಪಾಠವೆಲ್ಲ ಇಂಗ್ಲಿಷಿನಲ್ಲಿ. ಕಳೆದ ವರ್ಷ ವರ್ಗ ಸಮೀಕರಣದಲ್ಲಿ ಬ² − 4ಅಕ ಎಂಬ ಶೋಧಕ ಸೊನ್ನೆಗಿಂತ ಕಡಿಮೆ ಬಂದರೆ ‘ಮೂಲಗಳಿಲ್ಲ’ ಎಂದು ಬರೆದು ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದೆ, ಅಂಕವೂ ಸಿಗುತ್ತಿತ್ತು. ಈಗ ಕಾಲೇಜಿನಲ್ಲಿ ಅದೇ ತರಹದ ಲೆಕ್ಕಕ್ಕೆ ಎರಡೆರಡು ಉತ್ತರ ಬರೆಸುತ್ತಿದ್ದಾರೆ. ನಿನ್ನೆ ಮಾಡಿಸಿದ್ದು ಇದು:

ಯ² − 4ಯ + 13 = 0

ಉತ್ತರ 2 + 3ಐ ಮತ್ತು 2 − 3ಐ. ಸೂತ್ರದಲ್ಲಿ ಅಂಕೆ ಹಾಕಿ ಬಿಡಿಸುವುದು ನನಗೆ ಬರುತ್ತದೆ. ಆದರೆ ಮನಸ್ಸು ಒಪ್ಪುತ್ತಿಲ್ಲ. ಹೋದ ವರ್ಷ ಇಲ್ಲದ ಉತ್ತರ ಈ ವರ್ಷ ಎಲ್ಲಿಂದ ಬಂತು? ಎರಡರಲ್ಲಿ ಯಾವುದು ಸುಳ್ಳು?

(ಕನ್ನಡ ಕೀಲಿಮಣೆಯಲ್ಲೇ ಬರೆಯುತ್ತಿರುವುದರಿಂದ ಎಕ್ಸ್ ಬದಲು ‘ಯ’ ಎಂದು ಹಾಕಿದ್ದೇನೆ.)

ಟ್ಯೂಷನ್ ಹೇಳುವವಳು, ಕಲಬುರಗಿ

ತಂಗಿ, ಎರಡೂ ಸುಳ್ಳಲ್ಲ. ಹತ್ತನೆಯ ತರಗತಿಯಲ್ಲಿ ಬರೆಯಬೇಕಾದದ್ದು ‘ವಾಸ್ತವ ಮೂಲಗಳಿಲ್ಲ’ ಎಂದು. ಆ ಮೊದಲ ಪದ ಬರೆಯುವ ಅವಸರದಲ್ಲಿ ಬಿದ್ದುಹೋಗಿದೆ. ನನ್ನ ಹತ್ತಿರ ಬರುವ ಮಕ್ಕಳಲ್ಲೂ ಪ್ರತಿ ವರ್ಷ ಇದನ್ನು ಕಾಣುತ್ತೇನೆ. ‘ವಾಸ್ತವ’ ಬಿಟ್ಟರೆ ವಾಕ್ಯದ ಅರ್ಥವೇ ಬೇರೆಯಾಗುತ್ತದೆ. ‘ಈ ಓಣಿಯಲ್ಲಿ ಔಷಧಿ ಅಂಗಡಿ ಇಲ್ಲ’ ಎನ್ನುವುದಕ್ಕೂ ‘ಔಷಧಿ ಅಂಗಡಿಯೇ ಇಲ್ಲ’ ಎನ್ನುವುದಕ್ಕೂ ಇರುವಷ್ಟು ಅಂತರ ಅದು.

ಸೂತ್ರವನ್ನು ಒಂದು ಗಳಿಗೆ ಬದಿಗಿಟ್ಟು ವರ್ಗವನ್ನು ಪೂರ್ಣಗೊಳಿಸಿ ನೋಡು. 13ನ್ನು 4 + 9 ಎಂದು ಒಡೆದರೆ ಸಮೀಕರಣ ಹೀಗಾಗುತ್ತದೆ:

(ಯ − 2)² + 9 = 0, ಅಂದರೆ (ಯ − 2)² = −9

ಇಲ್ಲಿಯೇ ನಿಲ್ಲು. ಯಾವ ಸಂಖ್ಯೆಯ ವರ್ಗ −9? 3ರ ವರ್ಗ 9. −3ರ ವರ್ಗವೂ 9. ಸಂಖ್ಯಾರೇಖೆಯ ಮೇಲೆ ಎಷ್ಟು ದೂರ ಹುಡುಕಿದರೂ −9 ಕೊಡುವ ಸಂಖ್ಯೆ ಸಿಗುವುದಿಲ್ಲ. ಹೋದ ವರ್ಷದ ಮಾತು ಇಲ್ಲಿಗೆ ಮುಗಿಯುತ್ತದೆ, ಅಲ್ಲಿಯವರೆಗೆ ಅದು ಪೂರ್ತಿ ಸರಿ. ಈ ವರ್ಷ ಐ² = −1 ಆಗುವ ಐ ಎಂಬ ಹೊಸ ಸಂಖ್ಯೆಯನ್ನು ಸೇರಿಸಿಕೊಳ್ಳುತ್ತೇವೆ. ಆಗ (3ಐ)² = 9 × (−1) = −9. ಹಾಗಾಗಿ ಯ − 2 ಎಂಬುದು 3ಐ ಅಥವಾ −3ಐ.

ನಂಬಿಕೆ ಬರಬೇಕಾದರೆ ಉತ್ತರವನ್ನು ಸಮೀಕರಣಕ್ಕೆ ಹಾಕಿ ನಿನ್ನ ಕೈಯಿಂದಲೇ ಪರೀಕ್ಷಿಸು. (2 + 3ಐ)² = 4 + 12ಐ − 9 = −5 + 12ಐ. −4(2 + 3ಐ) = −8 − 12ಐ. ಎರಡನ್ನೂ ಕೂಡಿಸಿದರೆ 12ಐ ಹೋಗಿ −13 ಉಳಿಯುತ್ತದೆ. ಅದಕ್ಕೆ 13 ಸೇರಿಸು, ಸೊನ್ನೆ. ಸಮೀಕರಣ ಕೇಳಿದ್ದನ್ನು ಆ ಸಂಖ್ಯೆ ಪೂರೈಸಿತು. ಮೂಲ ಎನ್ನಲು ಬೇಕಾದ ಅರ್ಹತೆ ಅದೊಂದೇ.

ತೊಗರಿ ಬೆಳೆಗಾರ, ಆಳಂದ

ಬಿ.ಎಸ್ಸಿ. ಮಾಡಿ ಒಕ್ಕಲುತನಕ್ಕೆ ಬಂದವನು ನಾನು. ಮೇಡಂ ಅವರ ಲೆಕ್ಕದಲ್ಲಿ ತಪ್ಪಿಲ್ಲ, ಆದರೂ ಒಂದು ತಕರಾರಿದೆ.

ರಾಶಿ ಮಾಡುವ ಕಣಕ್ಕೆ ಬೇಲಿ ಹಾಕಬೇಕು ಎಂದುಕೊಳ್ಳಿ. ನನ್ನ ಹತ್ತಿರ ಇರುವುದು 40 ಮೀಟರ್ ಬೇಲಿ. ಆಯತಾಕಾರದಲ್ಲಿ 120 ಚದರ ಮೀಟರ್ ಜಾಗ ಬೇಕು. ಒಂದು ಬದಿ ಯ ಆದರೆ ಇನ್ನೊಂದು 20 − ಯ. ಗುಣಿಸಿ ಸರಿಪಡಿಸಿದರೆ:

ಯ² − 20ಯ + 120 = 0

ಶೋಧಕ 400 − 480 = −80. ಹೊಸ ಪಾಠದ ಪ್ರಕಾರ ಮೂಲಗಳು 10 ± ಐ√20, ಅಂದರೆ ಸುಮಾರು 10 ± 4.47ಐ. ಈಗ ಹೇಳಿ, 10 + 4.47ಐ ಮೀಟರಿಗೆ ಕಂಬ ಎಲ್ಲಿ ನೆಡಲಿ? ಇಲ್ಲಿ ‘ಉತ್ತರವಿಲ್ಲ’ ಎನ್ನುವುದೇ ಪ್ರಾಮಾಣಿಕ ಉತ್ತರ. ಮಕ್ಕಳಿಗೆ ಎಲ್ಲದಕ್ಕೂ ಉತ್ತರ ಇದೆ ಎಂದು ಕಲಿಸಿದರೆ ‘ಇದು ಆಗದ ಕೆಲಸ’ ಎಂದು ಗುರುತಿಸುವ ಬುದ್ಧಿ ಮಂಕಾಗುತ್ತದೆ ಎಂಬುದು ನನ್ನ ಕಳವಳ.

ನಿವೃತ್ತ ಗಣಿತ ಶಿಕ್ಷಕ, ಹುಮನಾಬಾದ್

ಆಳಂದದ ಮಿತ್ರರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಬೇಲಿಯ ಉದ್ದ ವಾಸ್ತವ ಸಂಖ್ಯೆಯೇ ಆಗಿರಬೇಕು, ಆ ಲೆಕ್ಕಕ್ಕೆ ‘ಸಾಧ್ಯವಿಲ್ಲ’ ಎಂದೇ ಬರೆಯಬೇಕು. ಆದರೆ ಆ ಮೂಲಗಳನ್ನು ಎಸೆಯುವ ಮುನ್ನ ಒಮ್ಮೆ ಓದಿ ನೋಡಿ. 10 ಎಂಬ ವಾಸ್ತವ ಭಾಗ ಚೌಕದ ಬದಿ. 40 ಮೀಟರ್ ಬೇಲಿಯೊಳಗೆ ಸಿಗುವ ಅತಿ ಹೆಚ್ಚಿನ ಜಾಗ 10 × 10, ಅಂದರೆ 100 ಚದರ ಮೀಟರ್. ನೀವು ಕೇಳಿದ್ದು 120. ಕೊರತೆ 20. √20 ಎಂಬುದು ಆ ಕೊರತೆಯ ವರ್ಗಮೂಲ. ಆಗದ ಕೆಲಸ ಎಂದಷ್ಟೇ ಹೇಳದೆ, ಎಷ್ಟರಿಂದ ತಪ್ಪಿತು ಎಂಬುದನ್ನೂ ಸಮೀಕರಣ ಹೇಳುತ್ತಿದೆ.

ನಿಮ್ಮ ಕಣದ ಲೆಕ್ಕವನ್ನೇ 1545ರಲ್ಲಿ ಇಟಲಿಯ ಕಾರ್ಡಾನೊ ಬೇರೆ ಅಂಕೆಗಳಲ್ಲಿ ಹಾಕಿದ. ಹತ್ತನ್ನು ಎರಡು ಭಾಗ ಮಾಡು, ಅವುಗಳ ಗುಣಲಬ್ಧ 40 ಬರಲಿ. ಭಾಗಗಳು 5 + √−15 ಮತ್ತು 5 − √−15. ಕೂಡಿಸಿದರೆ 10, ಗುಣಿಸಿದರೆ 25 + 15 = 40. ಎಲ್ಲ ಸರಿ ಬಂದರೂ ಇದು ಸೂಕ್ಷ್ಮವಾದ, ಆದರೆ ಉಪಯೋಗವಿಲ್ಲದ ವಿಚಾರ ಎಂದು ಅವನೇ ಬರೆದಿಟ್ಟ. ವರ್ಗ ಸಮೀಕರಣವೊಂದನ್ನೇ ನೋಡಿದ್ದರೆ ಲೋಕವೂ ಅಲ್ಲಿಗೇ ಬಿಡುತ್ತಿತ್ತೇನೋ.

ಬಿಡಲಾಗದಂತೆ ಮಾಡಿದ್ದು ಘನ ಸಮೀಕರಣ. ಯ³ = 15ಯ + 4 ತೆಗೆದುಕೊಳ್ಳಿ. ಇದಕ್ಕೆ 4 ಉತ್ತರ ಎಂಬುದು ಬಾಯಿಲೆಕ್ಕ: 64 = 60 + 4. ಆದರೆ ಆ ಕಾಲದ ಸೂತ್ರದಿಂದ ಹೊರಟರೆ ನಡುದಾರಿಯಲ್ಲಿ 2 + √−121 ಮತ್ತು 2 − √−121 ಇವುಗಳ ಘನಮೂಲಗಳನ್ನು ಕೂಡಿಸುವ ಪ್ರಸಂಗ ಎದುರಾಗುತ್ತದೆ, √−121 ಅಂದರೆ ನಮ್ಮ 11ಐ. ‘ಇಲ್ಲ’ ಎಂದು ಅಲ್ಲಿ ನಿಂತರೆ ಕಣ್ಣೆದುರಿಗಿರುವ 4 ತಪ್ಪಿಹೋಗುತ್ತದೆ. 1572ರಲ್ಲಿ ಬೊಂಬೆಲ್ಲಿ ನಿಲ್ಲದೆ ನಡೆದ. 2 + ಐ ಎಂಬುದರ ಘನ 2 + 11ಐ, 2 − ಐ ಎಂಬುದರ ಘನ 2 − 11ಐ ಎಂದು ಕಂಡುಕೊಂಡ. ಈ ಚಿಹ್ನೆ ಆಗಿನ್ನೂ ಇರಲಿಲ್ಲ, ಅವನು ಮಾತಿನಲ್ಲಿ ಬರೆದ. (2 + ಐ) + (2 − ಐ) = 4. ಹೊರಟಿದ್ದು ವಾಸ್ತವ ಸಂಖ್ಯೆಗಳಿಂದ, ತಲುಪಿದ್ದು ವಾಸ್ತವ ಸಂಖ್ಯೆಗೆ, ಹಾದಿ ಮಾತ್ರ ಐ ಮೂಲಕ. ನಾನು ಪಾಠ ಹೇಳುತ್ತಿದ್ದಾಗ ಇದನ್ನು ಕರಿಹಲಗೆಯ ಮೇಲೆ ಪೂರ್ತಿ ಬಿಡಿಸದೆ ಐ ಎಂಬ ಅಕ್ಷರವನ್ನೇ ಬರೆಯುತ್ತಿರಲಿಲ್ಲ.

ಕಾಗಿಣಾ ದಂಡೆಯವಳು, ಸೇಡಂ ತಾಲ್ಲೂಕು

ಗುರುಗಳೇ, ಇಟಲಿಗಿಂತ ಮೊದಲು ನಮ್ಮ ಮಳಖೇಡಕ್ಕೂ ಒಮ್ಮೆ ಬನ್ನಿ. ರಾಷ್ಟ್ರಕೂಟರ ಮಾನ್ಯಖೇಟ ಅದೇ. ಅಮೋಘವರ್ಷ ನೃಪತುಂಗನ ಹೆಸರು ಬಂದರೆ ಎಲ್ಲರೂ ಕವಿರಾಜಮಾರ್ಗವನ್ನು ನೆನೆಯುತ್ತಾರೆ. ಅದೇ ಅರಸನನ್ನು ಗ್ರಂಥಾರಂಭದಲ್ಲಿ ಸ್ತುತಿಸಿ ಜೈನ ಗಣಿತಜ್ಞ ಮಹಾವೀರಾಚಾರ್ಯ ಸುಮಾರು 850ರಲ್ಲಿ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ ಎಂಬುದು ಇಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತಿಲ್ಲ. ಇದು ನನ್ನನ್ನು ಬಹಳ ನೋಯಿಸುತ್ತದೆ.

ಈ ಚರ್ಚೆಯ ಪ್ರಶ್ನೆಗೆ ಅವನು ನೇರವಾಗಿ ಉತ್ತರಿಸಿದ್ದಾನೆ. ಧನ ಸಂಖ್ಯೆಯ ವರ್ಗವೂ ಋಣ ಸಂಖ್ಯೆಯ ವರ್ಗವೂ ಧನವೇ. ಋಣ ಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ. ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ. ಇದು ಅವನ ಮಾತಿನ ತಾತ್ಪರ್ಯ. ಬ್ರಹ್ಮಗುಪ್ತ 628ರಲ್ಲೇ ಋಣ ಸಂಖ್ಯೆಗಳ ನಿಯಮಗಳನ್ನು ಕೊಟ್ಟಿದ್ದ. ಋಣದ ವರ್ಗಮೂಲ ಏಕಿಲ್ಲ ಎಂಬುದನ್ನು ಕಾರಣಸಹಿತ ಹೇಳಿದವನು ಮಹಾವೀರ. ದಯವಿಟ್ಟು ಅವನು ತಪ್ಪಿದ ಎನ್ನಬೇಡಿ. ಯಾದಗಿರಿಯ ಹುಡುಗಿಯ ಹತ್ತನೆಯ ತರಗತಿಯ ಉತ್ತರ ಎಷ್ಟು ಸರಿಯೋ ಇದೂ ಅಷ್ಟೇ ಸರಿ. ಅವನಿಗೆ ತಿಳಿದಿದ್ದ ಸಂಖ್ಯೆಗಳೊಳಗೆ ಆ ಮಾತು ಅಲ್ಲಾಡುವುದಿಲ್ಲ.

ಇನ್ನೊಂದು, ‘ಯ’ ಎಂದು ಬರೆದದ್ದಕ್ಕೆ ವಿವರಣೆ ಕೊಡುವ ಅಗತ್ಯವೇ ಇರಲಿಲ್ಲ. ನಮ್ಮ ಬೀಜಗಣಿತದಲ್ಲಿ ಗೊತ್ತಿಲ್ಲದ ರಾಶಿಯನ್ನು ‘ಯಾವತ್ತಾವತ್’ ಎಂದು ಕರೆದು ‘ಯಾ’ ಎಂದೇ ಬರೆಯುತ್ತಿದ್ದರು.

ಪಿಯು ಮೊದಲ ವರ್ಷ, ಯಾದಗಿರಿ

ಎಲ್ಲರಿಗೂ ಧನ್ಯವಾದ. ಮೇಡಂ ಹೇಳಿದಂತೆ ಹಾಕಿ ನೋಡಿದೆ, ಸೊನ್ನೆ ಬಂತು. ಆದರೆ ನಕ್ಷೆಯಲ್ಲಿ ಮತ್ತೆ ಸಿಕ್ಕಿಹಾಕಿಕೊಂಡೆ. ಪರವಲಯ ಅಡ್ಡ ಅಕ್ಷವನ್ನು ಕತ್ತರಿಸುವ ಜಾಗವೇ ಮೂಲ ಎಂದು ಕಲಿತಿದ್ದೇವೆ. ಇದು ಅಕ್ಷವನ್ನು ಮುಟ್ಟುವುದೇ ಇಲ್ಲ, ಮೇಲೆಯೇ ತಿರುಗಿ ಹೋಗುತ್ತದೆ. ಹಾಗಾದರೆ 2 + 3ಐ ಹಾಳೆಯ ಮೇಲೆ ಎಲ್ಲಿದೆ?

ಟ್ಯೂಷನ್ ಹೇಳುವವಳು, ಕಲಬುರಗಿ

ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ಒಂದು ಗ್ರಾಫ್ ಹಾಳೆ, ಒಂದು ತುಂಡು ಬೆಣ್ಣೆ ಕಾಗದ ತೆಗೆದುಕೊಂಡು ಕುಳಿತುಕೋ.

ಯ = 0 ಆದಾಗ ಬೆಲೆ 13. 1ಕ್ಕೆ 10. 2ಕ್ಕೆ 9. 3ಕ್ಕೆ 10. 4ಕ್ಕೆ 13. ಬಿಂದುಗಳನ್ನು ಕೂಡಿಸಿದರೆ ಬಟ್ಟಲಿನಂಥ ಗೆರೆ, ಅದರ ತಳ 2ರ ನೇರಕ್ಕೆ, 9 ಮನೆ ಎತ್ತರದಲ್ಲಿ. ಈಗ ಬೆಣ್ಣೆ ಕಾಗದವನ್ನು ಮೇಲಿಟ್ಟು ಆ ಗೆರೆಯನ್ನು ತಿದ್ದಿಕೋ. ತಳದ ಬಿಂದು ಅಲ್ಲಾಡದಂತೆ ಹಿಡಿದು ಕಾಗದವನ್ನು ಮೇಲಿನಿಂದ ಕೆಳಕ್ಕೆ ಮಗುಚು. ಬಟ್ಟಲು ಬೋರಲಾಯಿತು. ಬೋರಲಾದ ಗೆರೆ ಅಡ್ಡ ಅಕ್ಷವನ್ನು ಎರಡು ಕಡೆ ಕತ್ತರಿಸುತ್ತದೆ: −1 ಮತ್ತು 5. 2ರಿಂದ ಎಡಕ್ಕೆ ಮೂರು ಮನೆ, ಬಲಕ್ಕೆ ಮೂರು ಮನೆ. ನಿನ್ನ 3ಐಯಲ್ಲಿರುವ 3 ಅದೇ.

−1 ಮತ್ತು 5 ನಿನ್ನ ಸಮೀಕರಣದ ಮೂಲಗಳಲ್ಲ, ಅವು ಬೋರಲು ಗೆರೆಯವು. ನಿನ್ನ ಮೂಲಗಳು ಬೇಕಾದರೆ ಇನ್ನೊಂದು ಹೆಜ್ಜೆ ಇಡಬೇಕು. ಬೇರೊಂದು ಹಾಳೆಯಲ್ಲಿ ಅಡ್ಡಗೆರೆ ವಾಸ್ತವ ಸಂಖ್ಯೆಗಳದ್ದು, ನಿಲುಗೆರೆ ಐ ಸಂಖ್ಯೆಗಳದ್ದು ಎಂದು ಇಟ್ಟುಕೋ. ಅಡ್ಡಗೆರೆಯ ಮೇಲೆ −1 ಮತ್ತು 5 ಗುರುತು ಮಾಡಿ, 2ನ್ನು ನಡುವೆ ಹಿಡಿದು ಆ ಜೋಡಿಯನ್ನು ಕಾಲು ಸುತ್ತು ತಿರುಗಿಸು. ಒಂದು 2ರ ನೇರ ಮೇಲೆ ಮೂರು ಮನೆ ಹೋಗುತ್ತದೆ, ಇನ್ನೊಂದು ನೇರ ಕೆಳಗೆ ಮೂರು ಮನೆ. ಅವೇ 2 + 3ಐ ಮತ್ತು 2 − 3ಐ.

ಐಯಿಂದ ಗುಣಿಸುವುದು ಎಂದರೆ ಕಾಲು ಸುತ್ತು ತಿರುಗುವುದು. ಎರಡು ಸಲ ಗುಣಿಸಿದರೆ ಅರ್ಧ ಸುತ್ತು, ಮುಖ ಮಾಡಿದ ದಿಕ್ಕಿಗೆ ತದ್ವಿರುದ್ಧ, ಅಂದರೆ −1. ಐ² = −1 ಎಂಬುದರಲ್ಲಿ ಇದಕ್ಕಿಂತ ಹೆಚ್ಚಿನ ಗುಟ್ಟಿಲ್ಲ. ಈ ಚಿತ್ರವನ್ನು ಮೊದಲು ಕೊಟ್ಟವನು, 1797ರಲ್ಲಿ, ಕ್ಯಾಸ್ಪರ್ ವೆಸೆಲ್. ಅವನು ಜಮೀನು ಅಳೆಯುವ ಸರ್ವೆ ಕೆಲಸದವನು. ಆಳಂದದ ಅಣ್ಣನವರಿಗೆ ಇದು ಹಿಡಿಸಬಹುದು. 1806ರಲ್ಲಿ ಆರ್ಗಂಡ್ ಸ್ವತಂತ್ರವಾಗಿ ಇದನ್ನೇ ಪ್ರಕಟಿಸಿದ, ಅವನ ಹೆಸರೇ ಉಳಿಯಿತು.

ಮೋಟಾರ್ ರಿವೈಂಡಿಂಗ್, ಬೀದರ್

ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ ಪಂಪ್‌ಸೆಟ್ ಮೋಟಾರುಗಳ ಕೆಲಸ ಮಾಡುತ್ತೇನೆ. ತಂಗಿಗೆ ಇದು ಬರೀ ಹಾಳೆಯ ಮೇಲಿನ ಆಟ ಅನ್ನಿಸಬಾರದು ಎಂದು ಬರೆಯುತ್ತಿದ್ದೇನೆ.

ಒಂದು ಕಾಯಿಲಿನ ತಂತಿಯ ತಡೆ 3 ಓಮ್, ಎಸಿ ಕರೆಂಟಿಗೆ ಕಾಯಿಲು ಒಡ್ಡುವ ಇನ್ನೊಂದು ಬಗೆಯ ತಡೆ 4 ಓಮ್ ಎಂದುಕೊಳ್ಳಿ. ಒಟ್ಟು 7 ಅಲ್ಲ, 5. ಏಕೆಂದರೆ ಎರಡನೆಯದು ಮೊದಲನೆಯದಕ್ಕೆ ಕಾಲು ಸುತ್ತಿನ ದಿಕ್ಕಿನಲ್ಲಿರುತ್ತದೆ. ನಾವು ಅದನ್ನು 3 + 4ಜೆ ಎಂದು ಬರೆಯುತ್ತೇವೆ. ‘ಐ’ ನಮ್ಮಲ್ಲಿ ಕರೆಂಟಿಗೆ ಮೀಸಲು, ಅದಕ್ಕೇ ‘ಜೆ’. 230 ವೋಲ್ಟಿಗೆ 46 ಆಂಪಿಯರ್ ಹರಿಯುತ್ತದೆ. 7 ಎಂದು ಹಿಡಿದರೆ 33ಕ್ಕಿಂತ ಕಡಿಮೆ ಬರುತ್ತದೆ, ಆ ಲೆಕ್ಕ ನಂಬಿ ತಂತಿ ಆರಿಸಿದರೆ ತಂತಿ ಸುಡುತ್ತದೆ.

ಇನ್ನು ವರ್ಗ ಸಮೀಕರಣಕ್ಕೆ ಬರುತ್ತೇನೆ. ನಾಗರ ಪಂಚಮಿಗೆ ಮರಕ್ಕೆ ಕಟ್ಟುವ ಜೋಕಾಲಿಯನ್ನೇ ತೆಗೆದುಕೊಳ್ಳಿ. ಹಗ್ಗ 4 ಮೀಟರ್. ಜೀಕುವುದನ್ನು ಬಿಟ್ಟು ಸುಮ್ಮನೆ ಕುಳಿತರೆ ತೂಗಾಟ ನಿಧಾನವಾಗಿ ಇಳಿಯುತ್ತದೆ. ಆ ಚಲನೆಯನ್ನು ಬಿಡಿಸಲು ಹೊರಟರೆ ಒಂದು ವರ್ಗ ಸಮೀಕರಣ ಸಿಗುತ್ತದೆ:

ಯ² + 0.2ಯ + 2.45 = 0

2.45 ಎಂಬುದು 9.8ನ್ನು ಹಗ್ಗದ ಉದ್ದ 4ರಿಂದ ಭಾಗಿಸಿದ್ದು. 0.2 ಎಂಬುದು ಗಾಳಿ ಮತ್ತು ಹಗ್ಗದ ಉಜ್ಜಾಟಕ್ಕೆ ನಾನು ಇಟ್ಟುಕೊಂಡ ಅಂಕೆ. ಶೋಧಕ 0.04 − 9.8 = −9.76. ಮೂಲಗಳು ಸುಮಾರು −0.1 ± 1.56ಐ. ಇದರಲ್ಲಿ −0.1 ತೂಗಾಟ ಎಷ್ಟು ಬೇಗ ಇಳಿಯುತ್ತದೆ ಎಂದು ಹೇಳುತ್ತದೆ: ಹತ್ತು ಸೆಕೆಂಡಿನಲ್ಲಿ ನೂರರಲ್ಲಿ 37 ಪಾಲಿಗೆ. 1.56 ತೂಗುವ ವೇಗ ಹೇಳುತ್ತದೆ: 6.28ನ್ನು ಅದರಿಂದ ಭಾಗಿಸಿದರೆ ಸುಮಾರು 4 ಸೆಕೆಂಡ್, ಒಮ್ಮೆ ಹೋಗಿ ಬರಲು ಬೇಕಾದ ಸಮಯ. ಗಡಿಯಾರ ಹಿಡಿದು ನೋಡಿ, ದೊಡ್ಡ ಜೋಕಾಲಿ ಹೆಚ್ಚುಕಡಿಮೆ ಅಷ್ಟೇ ತೆಗೆದುಕೊಳ್ಳುತ್ತದೆ.

ಶೋಧಕ ಧನವಾಗಿದ್ದರೆ? ಆಗ ಜೋಕಾಲಿ ತೂಗುವುದೇ ಇಲ್ಲ. ದಪ್ಪ ಕೆಸರಿನಲ್ಲಿ ಎಳೆದು ಬಿಟ್ಟಂತೆ ತೆವಳುತ್ತ ಬಂದು ನಿಲ್ಲುತ್ತದೆ. ಕಾಯಿಲು, ಕಂಡೆನ್ಸರ್, ತಡೆ ಮೂರೂ ಇರುವ ಸರ್ಕ್ಯೂಟಿನಲ್ಲೂ ಇದೇ ಶೋಧಕ. ಋಣ ಬಂದರೆ ಕರೆಂಟ್ ಅತ್ತಿತ್ತ ತೂಗುತ್ತದೆ, ಧನ ಬಂದರೆ ಸುಮ್ಮನೆ ಇಳಿದುಹೋಗುತ್ತದೆ. ನೀವು ‘ಮೂಲಗಳಿಲ್ಲ’ ಎಂದು ಬರೆದು ಬಿಟ್ಟ ಜಾಗದಲ್ಲಿ ಜೋಕಾಲಿ ತೂಗುತ್ತಿತ್ತು, ತಂಗಿ.

ಪಿಯು ಮೊದಲ ವರ್ಷ, ಯಾದಗಿರಿ

ಅಣ್ಣ, ಕೊನೆಯ ಸಾಲನ್ನು ಮೂರು ಸಲ ಓದಿದೆ. ಆದರೆ ಜೋಕಾಲಿ ಇರುವ ಜಾಗ ವಾಸ್ತವ ಸಂಖ್ಯೆಯಲ್ಲವೇ? ಐ ಕೊನೆಗೆ ಎಲ್ಲಿ ಹೋಯಿತು?

ನಿವೃತ್ತ ಗಣಿತ ಶಿಕ್ಷಕ, ಹುಮನಾಬಾದ್

ಒಳ್ಳೆಯ ಪ್ರಶ್ನೆ, ಮಗಳೇ. ಅದಕ್ಕಾಗಿಯೇ ಮೂಲಗಳು ಜೋಡಿಯಾಗಿ ಬರುವುದು. ಸಮೀಕರಣದ ಗುಣಕಗಳೆಲ್ಲ ವಾಸ್ತವವಾಗಿದ್ದರೆ +ಐ ಇರುವ ಒಂದು ಮೂಲಕ್ಕೆ −ಐ ಇರುವ ಇನ್ನೊಂದು ಕಟ್ಟಿಟ್ಟದ್ದು. ಎರಡನ್ನೂ ಸೇರಿಸಿ ಚಲನೆಯನ್ನು ಬರೆದಾಗ ಐ ಭಾಗಗಳು ಒಂದನ್ನೊಂದು ಹೊಡೆದುಹಾಕಿ ವಾಸ್ತವ ಚಲನೆ ಉಳಿಯುತ್ತದೆ. ಬೊಂಬೆಲ್ಲಿಯ 2 + ಐ ಮತ್ತು 2 − ಐ ಸೇರಿ 4 ಆಗಲಿಲ್ಲವೇ, ಹಾಗೆಯೇ.

ಪರೀಕ್ಷೆಗೆ ಒಂದು ಎಚ್ಚರಿಕೆ. √−4 × √−9 ಕೇಳಿದರೆ ಒಳಗಿನ ಅಂಕೆಗಳನ್ನು ಗುಣಿಸಿ √36 = 6 ಎಂದು ಬರೆಯಬೇಡ. ಮೊದಲು 2ಐ, 3ಐ ಎಂದು ಬಿಡಿಸಿಕೋ. ಗುಣಲಬ್ಧ 6ಐ², ಅಂದರೆ −6. ಉತ್ತರ ಪತ್ರಿಕೆ ತಿದ್ದುವಾಗ ಈ ತಪ್ಪನ್ನು ನಾನು ಕಂಡಷ್ಟು ಸಲ ಬೇರೆ ಯಾವುದನ್ನೂ ಕಂಡಿಲ್ಲ.

ತೊಗರಿ ಬೆಳೆಗಾರ, ಆಳಂದ

ಗುರುಗಳು ಕೊರತೆಯ ವರ್ಗಮೂಲ ಎಂದದ್ದನ್ನು ಕೂತು ಪರೀಕ್ಷಿಸಿದೆ. 109 ಚದರ ಮೀಟರ್ ಕೇಳಿದರೆ ಮೂಲಗಳು 10 ± 3ಐ, 104 ಕೇಳಿದರೆ 10 ± 2ಐ. ಬೇಡಿಕೆ 100ಕ್ಕೆ ಇಳಿದಾಗ ಐ ಮಾಯವಾಗಿ ಎರಡು ಮೂಲಗಳೂ 10ರಲ್ಲಿ ಸೇರುತ್ತವೆ. 99ಕ್ಕೆ ಇಳಿಸಿದರೆ 9 ಮತ್ತು 11, ಈ ಸಲ ಅಡ್ಡಗೆರೆಯ ಮೇಲೆ ಬೇರೆಯಾಗುತ್ತವೆ. ನನ್ನ ತಕರಾರಿನ ಅರ್ಧವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಉಳಿದರ್ಧ ಹಾಗೆಯೇ ಇರಲಿ: ಕೇಳಿದ್ದು ಉದ್ದವೋ, ತೂಗಾಟವೋ ಎಂದು ನೋಡಿ ಆಮೇಲೆ ಉತ್ತರ ಬರೆಯುವುದನ್ನು ಮಕ್ಕಳಿಗೆ ಕಲಿಸಿ.

ಕಾಗಿಣಾ ದಂಡೆಯವಳು, ಸೇಡಂ ತಾಲ್ಲೂಕು

ಹೆಸರಿನ ವಿಚಾರವನ್ನೂ ಹೇಳಿಬಿಡುತ್ತೇನೆ. ‘ಕಾಲ್ಪನಿಕ’ ಎಂಬ ಪದ ಮಕ್ಕಳ ದಾರಿ ತಪ್ಪಿಸುತ್ತದೆ. 1637ರಲ್ಲಿ ಡೆಕಾರ್ಟ್ ಇಟ್ಟ ಹೆಸರಿನ ಅನುವಾದ ಅದು. +1, −1, √−1 ಇವನ್ನು ನೇರ, ವಿಲೋಮ, ಪಾರ್ಶ್ವ ಎಂಬಂತೆ ಕರೆದಿದ್ದರೆ ಇಷ್ಟು ಗೊಂದಲವೇ ಇರುತ್ತಿರಲಿಲ್ಲ ಎಂದು 1831ರಲ್ಲಿ ಗೌಸ್ ಬರೆದ. ಕಾಲು ಸುತ್ತಿನ ಚಿತ್ರ ನೋಡಿದ ಮೇಲೆ ‘ಪಾರ್ಶ್ವ’ ಎಷ್ಟು ಸಹಜ ಅನ್ನಿಸುತ್ತದೆ ನೋಡಿ. ಕನ್ನಡದಲ್ಲಿ ಕೆಲವರು ಸಂಕೀರ್ಣ ಸಂಖ್ಯೆ ಎನ್ನುತ್ತಾರೆ, ಕೆಲವರು ಸಂಮಿಶ್ರ ಸಂಖ್ಯೆ. ನನ್ನ ಮತ ಸಂಮಿಶ್ರಕ್ಕೆ. 2 ಮತ್ತು 3ಐ ಬೆರೆತಿವೆ ಎಂದಷ್ಟೇ ಅದು ಹೇಳುತ್ತದೆ. ಸಂಕೀರ್ಣ ಎಂದೊಡನೆ ಮಗು ಬಿಡಿಸುವ ಮೊದಲೇ ಹೆದರುತ್ತದೆ.

ಪಿಯು ಮೊದಲ ವರ್ಷ, ಯಾದಗಿರಿ

ಇವತ್ತು ಒಂದು ಲೆಕ್ಕವನ್ನು ನಾನೇ ಹಾಕಿಕೊಂಡು ಬಿಡಿಸಿದೆ:

2ಯ² − 6ಯ + 5 = 0

ಶೋಧಕ 36 − 40 = −4. ಮೂಲಗಳು (6 ± 2ಐ) ÷ 4. ಮೊದಲು 1.5 ± 2ಐ ಎಂದು ಬರೆದಿದ್ದೆ. ಗುಣಲಬ್ಧ ನೋಡಿದೆ: 2.25 + 4 = 6.25. ಆದರೆ ಅದು 5 ÷ 2, ಅಂದರೆ 2.5 ಬರಬೇಕು. ಎಲ್ಲಿ ತಪ್ಪಿದೆ ಎಂದು ಹುಡುಕಿದಾಗ 6ನ್ನು ಮಾತ್ರ 4ರಿಂದ ಭಾಗಿಸಿ 2ಐಯನ್ನು ಹಾಗೆಯೇ ಬಿಟ್ಟಿದ್ದು ಕಂಡಿತು. ಸರಿಪಡಿಸಿದ ಮೇಲೆ 1.5 ± 0.5ಐ. 2.25 + 0.25 = 2.5.

ಬೆಣ್ಣೆ ಕಾಗದ ಇರಲಿಲ್ಲ. ಅಮ್ಮ ರೊಟ್ಟಿ ಬಡಿಯುತ್ತಿದ್ದಳು, ಅಡುಗೆಮನೆಯಲ್ಲಿದ್ದ ಎಣ್ಣೆ ಹತ್ತಿದ ಕಾಗದದ ಮೇಲೆಯೇ ಗೆರೆ ತಿದ್ದಿಕೊಂಡು ಮಗುಚಿದೆ. ತಳ 1.5ರ ನೇರಕ್ಕೆ, ಅರ್ಧ ಮನೆ ಎತ್ತರದಲ್ಲಿತ್ತು. ಬೋರಲು ಗೆರೆ 1 ಮತ್ತು 2ರಲ್ಲಿ ಕತ್ತರಿಸಿತು. ನಡುವಿನಿಂದ ಅರ್ಧ ಅರ್ಧ. ಯ² ಮುಂದೆ 2 ಇದ್ದರೂ ಸರಿ ಬಂತಲ್ಲ, ಮೇಡಂ, ಇದು ಯಾವಾಗಲೂ ಹೀಗೆಯೇ?

ಟ್ಯೂಷನ್ ಹೇಳುವವಳು, ಕಲಬುರಗಿ

ಯಾವಾಗಲೂ. ಮುಂದಿರುವ 2 ಬಟ್ಟಲನ್ನು ಕಡಿದಾಗಿಸುತ್ತದೆ, ತಳದ ಎತ್ತರವನ್ನೂ ಅಷ್ಟೇ ಪಟ್ಟು ಹೆಚ್ಚಿಸುತ್ತದೆ. ಹಾಗಾಗಿ ಬೋರಲು ಗೆರೆ ಕತ್ತರಿಸುವ ಜಾಗ ಕದಲುವುದಿಲ್ಲ. ಗುಣಲಬ್ಧದಿಂದ ನಿನ್ನ ತಪ್ಪನ್ನು ನೀನೇ ಹಿಡಿದದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟಿತು.

ನಾಳೆಗೆ ಇದು: ಯ² + ಯ + 1 = 0. ಬಿಡಿಸಿದ ಮೇಲೆ ಒಂದು ಮೂಲವನ್ನು ತೆಗೆದುಕೊಂಡು ಅದರ ವರ್ಗ ಮಾಡು, ಆಮೇಲೆ ಘನ ಮಾಡು. ವರ್ಗ ಮಾಡಿದಾಗ ಯಾರು ಸಿಕ್ಕರು, ಘನ ಮಾಡಿದಾಗ ಎಲ್ಲಿಗೆ ಬಂದು ನಿಂತೆ ಎಂದು ಇಲ್ಲಿಯೇ ಬರೆ.